ಜೇಜುರಿ ಗುಡ್ಡದಲ್ಲಿ ಉಣ್ಣೆ ಬೇಟೆ

ಪುಣೆಯ ಸ್ವಾರಗೇಟಿನಿಂದ ಹೊರಟ ಕೆಂಪು ಬಸ್ಸು ದಿವೆ ಘಾಟ್ ಹತ್ತುವಷ್ಟರಲ್ಲಿ ನಾಗಮ್ಮ ಎರಡು ಸಲ ಜೋಳದ ಭಾಕ್ರಿಯ ಗಂಟು ಬಿಚ್ಚಿ ಕಟ್ಟಿದ್ದರು. ಅವರು ಕಲಬುರಗಿ ಕಡೆಯವರು, ತರಬೇತಿಗೆಂದು ಪುಣೆಗೆ ಬಂದ ನಾನು ಉಳಿದುಕೊಂಡಿದ್ದ ವಸತಿಗೃಹದ ಅಡುಗೆಯವರು. ಮೊಮ್ಮಗ ಮಲ್ಲುವಿನ ಮೊದಲ ಕೂದಲನ್ನು ಜೇಜುರಿ ಗುಡ್ಡದ ದೇವರು ಖಂಡೋಬನಿಗೆ ಕೊಡುವುದು ಅವರ ಹರಕೆ. ಸೊಸೆ ಸುನೀತಾ ಮಾತ್ರ ಒಲ್ಲೆ ಎಂದಿದ್ದಳು. ಗುಡ್ಡದ ಹುಲ್ಲಿನಲ್ಲಿ ಕೂಸಿಗೆ ಉಣ್ಣೆ ಕಚ್ಚಿ ಮಂಗನ ಕಾಯಿಲೆ ಬಂದರೆ ಎಂಬ ಭಯ ಅವಳಿಗೆ, ಫೋನಿನಲ್ಲಿ ನೋಡಿದ್ದಳಂತೆ. ನಾನು ಸಾಗರದ ಕಾಡಿನಲ್ಲಿ ಉಣ್ಣೆ ಹಿಡಿದು ಗುರುತಿಸುವ ಕೆಲಸದವಳು. “ಅಕ್ಕಾರು ನೋಡಿ ಹೂಂ ಅಂದ್ರ ಮಾತ್ರ ಕೂದಲ ತೆಗಸ್ತೀನಿ” ಎಂದು ಷರತ್ತು ಹಾಕಿಯೇ ಬಸ್ಸು ಹತ್ತಿದ್ದಳು.

ಜೇಜುರಿಯಲ್ಲಿ ಬಿಸಿಲು ಹಿತವಾಗಿತ್ತು. ಮೆಟ್ಟಿಲ ಪಕ್ಕದ ಒಣಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆಯುತ್ತ ನಡೆದೆ. ಯಾವುದೋ ಪ್ರಾಣಿ ಮೈ ಸವರಿ ಹೋಯಿತೆಂದುಕೊಂಡು ಉಣ್ಣೆ ಬಟ್ಟೆಗೆ ಅಂಟಿಕೊಳ್ಳುತ್ತದೆ, ನಮ್ಮ ಕಸುಬಿನ ಉಪಾಯ ಇಷ್ಟೇ. ಗುಡ್ಡ ಇಳಿಯುತ್ತಿದ್ದ ಭಕ್ತರು ಇದೂ ಒಂದು ಹರಕೆ ಎಂದುಕೊಂಡರು. “ಯೇಳಕೋಟ ಯೇಳಕೋಟ!” ಎಂದು ದೇವರಿಗೆ ಜಯಕಾರ ಹಾಕುತ್ತ ಒಬ್ಬರು ಬಟ್ಟೆಯ ಮೇಲೆ ಹಿಡಿ ಭಂಡಾರ ಎರಚಿದರು. ಹಿಂದೆಯೇ ಉಳಿದವರೂ ಎರಚಿದರು. ಬಟ್ಟೆ, ನಾನು, ಮಲ್ಲು ಎಲ್ಲರೂ ಅರಿಶಿನಮಯ. ಇದು ಉಣ್ಣೆ ಹಿಡಿಯುವ ಬಟ್ಟೆ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳುವಷ್ಟರಲ್ಲಿ ಅಜ್ಜಿಯೊಬ್ಬರು ಅದಕ್ಕೆ ಕೈ ಮುಗಿದೇಬಿಟ್ಟರು. ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕುಳಿತೆ.

ಬಟ್ಟೆಗೆ ಒಂದೂ ಸಿಗಲಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಆಡಿನ ಕಿವಿಯಲ್ಲಿ ಸಿಕ್ಕಿತು. ಚಿಮಟದಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಸುನೀತಾ ಕೂಸನ್ನು ಎತ್ತಿಕೊಂಡು ಪಕ್ಕದಲ್ಲೇ ಬಾಗಿ ನಿಂತಳು.

“ಇದು ನಮ್ಮ ಕಾಡಿನದಲ್ಲ ಸುನೀತಾ. ಮಂಗನ ಕಾಯಿಲೆ ಹರಡುವ ಉಣ್ಣೆಗೆ ತೇವದ ಕಾಡು ಬೇಕು. ಇದು ಬಯಲುಸೀಮೆಯ ದನ, ಕುರಿಗಳ ಮೈಮೇಲಿನದು. ಹಾಗಂತ ಇದನ್ನೂ ನಂಬಬೇಡ, ಬೇರೆ ಜ್ವರ ತರಬಹುದು. ಬರಿಗೈಯಲ್ಲಿ ಹಿಸುಕಬೇಡ. ಮನೆಗೆ ಹೋದಮೇಲೆ ಕೂಸಿನ ಮೈಯೆಲ್ಲ ನೋಡು, ಜ್ವರ ಬಂದರೆ ಡಾಕ್ಟರಿಗೆ ತೋರಿಸು.”

“ಅಂದ್ರ ಹೂಂ ಏನ್ರಿ ಅಕ್ಕಾರ?”

“ಹೂಂ.”

ಗಾಳಿ ಬಂದಾಗ ತೂರಿಕೊಳ್ಳುವ ಜಾಣೆ ನಾಗಮ್ಮ, ಸೊಸೆ ಮನಸ್ಸು ಬದಲಿಸುವ ಮೊದಲೇ ಕ್ಷೌರಿಕನನ್ನು ಕರೆತಂದರು. ಮಲ್ಲು ಗುಡ್ಡ ಆಕಾಶ ಒಂದು ಮಾಡುವಂತೆ ಅತ್ತ. ಆಮೇಲೆ ಪೇಢೆ ಸಿಕ್ಕಿತು, ಸುಮ್ಮನಾದ.

ಸಂಜೆಯ ಬಸ್ಸಿನಲ್ಲಿ ಹಿಂತಿರುಗಿ ನೋಡಿದೆ, ಗುಡ್ಡ ಇನ್ನೂ ಹಳದಿಯಾಗಿಯೇ ಇತ್ತು. ಮುಂದಿನ ಸೀಟಿನಲ್ಲಿ ಸುನೀತಾ ನಾನು ಹೇಳಿದಂತೆ ಮಗನ ಕಿವಿಯ ಹಿಂದೆ, ಕತ್ತಿನ ಸಂದಿಯಲ್ಲಿ ಹುಡುಕಿ, ಕೊನೆಗೆ ಅರಿಶಿನ ಬಳಿದ ಬೋಳುತಲೆಯನ್ನು ಸವರಿದಳು. ಆ ದಿನ ಮೊದಲ ಸಲ ನಕ್ಕಳು.

“ಅತ್ತಿ, ನಿಮ್ಮ ಹರಕಿ ಭಾಳ ಚಲೋ ಅದ ರೀ. ಇನ್ನ ಉಣ್ಣಿ ಅಡಗಾಕ ಜಾಗಾನ ಇಲ್ಲ!”