ಬೇಲಿಯ ಬ್ಯಾಟರಿ, ಗುರುಮಲ್ಲಣ್ಣನ ಕೈಗುಣ

ಗುರುಮಲ್ಲಣ್ಣ, ನಮ್ಮ ಸೋಲಾರ್ ಬೇಲಿ ಆವತ್ತು ಕೆಟ್ಟಿರಲಿಲ್ಲ. ಅದರ ಬ್ಯಾಟರಿಯನ್ನು ಬಿಚ್ಚಿಕೊಂಡು ಹೋದವನು ನಾನು — ನಿಮ್ಮ ಪಕ್ಕದ ಹೊಲದ ನಾಗೇಶ. ಆನೆಗಳು ಒಳಗೆ ಬಂದದ್ದು ನಿಮ್ಮ ಕೈಗುಣದಿಂದಲ್ಲ, ನನ್ನಿಂದ. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ಥೂ, ನನ್ನ ಜನ್ಮಕ್ಕಿಷ್ಟು!

ಹಂಗಳದ ಕಾಡಂಚಿನ ನಮ್ಮ ಹೊಲಗಳ ಸಾಲಿಗೆ ಬಿಸಿಲಿನಿಂದ ಕರೆಂಟು ತೆಗೆಯುವ ವಿಚಾರ ತಂದವರೇ ನೀವು. ಈ ತಂತಿ ಮುಟ್ಟಿದರೆ ಆನೆಗೆ ಜುಮ್ಮೆನ್ನುತ್ತದೆ, ಜೀವ ಹೋಗುವುದಿಲ್ಲ ಎಂದು ಮನೆಮನೆಗೂ ಹೋಗಿ ತಿಳಿಸಿದಿರಿ. "ಅದೂ ಬದುಕ್ಲಿ, ನಮ್ ಬೆಳೆನೂ ಬದುಕ್ಲಿ ಕಣ್ರಪ್ಪಾ" ಅಂದಿರಿ. ಯಾರೂ ಎದುರಾಡಲಿಲ್ಲ. ಏಕೆಂದರೆ ಕೈಗುಣ ಎಂದರೆ ಗುರುಮಲ್ಲಣ್ಣನದು. ಬಿತ್ತನೆಯ ದಿನ ಮೊದಲ ಹಿಡಿ ಬೀಜ ನಿಮ್ಮ ಕೈಯಿಂದಲೇ ಬೀಳಬೇಕೆಂದು ಭೀಮನಬೀಡಿನವರು ಕೂಡ ಬಂದು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಬೇಲಿಯ ಸ್ವಿಚ್ಚನ್ನೂ ಮಾದಪ್ಪನಿಗೆ ಕೈಮುಗಿದು ನೀವೇ ಹಾಕಿದಿರಿ.

ಬೇಲಿ ನೋಡಿಕೊಳ್ಳುವುದು ವಾರಕ್ಕೊಂದು ಮನೆಯ ಸರದಿ. ಆ ವಾರ ಬ್ಯಾಟರಿ ಪೆಟ್ಟಿಗೆಯ ಬೀಗದ ಕೈ ನಮ್ಮ ಮನೆಯಲ್ಲಿತ್ತು. ನನ್ನ ಮಗಳು ಸೌಮ್ಯಳನ್ನು ನೋಡಲು ಗುಂಡ್ಲುಪೇಟೆಯಿಂದ ಗಂಡಿನವರು ಬರುವವರಿದ್ದರು. ಸಂಜೆ ಅವರು ಬರುವ ಹೊತ್ತಿಗೆ ಸರಿಯಾಗಿ ಊರಿನ ಕರೆಂಟು ಹೋಯಿತು. ಕತ್ತಲಲ್ಲಿ ಹೆಣ್ಣು ತೋರಿಸುವುದೇ? ಬುಡ್ಡಿ ದೀಪದ ಮನೆ ಎಂದು ಎದ್ದು ಹೋದರೆ? — ಬೀಗ ತೆಗೆದೆ, ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ತಂದೆ. ನಡುಮನೆಯಲ್ಲಿ ಬಲ್ಬು ಬೆಳಗಿತು. ಅವರು ಹೊರಟ ಕೂಡಲೇ ವಾಪಸು ಇಟ್ಟು ಬರುವುದೆಂದಿದ್ದೆ. ಅವರು ಊಟಕ್ಕೂ ಕುಳಿತರು, ಹೆಣ್ಣು ಒಪ್ಪಿಗೆ ಎಂದರು, ನಾನು ಹಿಗ್ಗಿನಲ್ಲಿ ಮರೆತುಬಿಟ್ಟೆ. ಇಲ್ಲ — ಮರೆತೆ ಎನ್ನುವುದೂ ಸುಳ್ಳು. ನೆನಪಿತ್ತು. ಒಂದು ರಾತ್ರಿಗೆ ಏನಾದೀತು ಎಂದುಕೊಂಡು ಮಲಗಿದೆ.

ನಸುಕಿನಲ್ಲಿ ಬ್ಯಾಟರಿ ಹೊತ್ತು ಹೋದಾಗ ನಿಮ್ಮ ಮುಸುಕಿನ ಜೋಳ ಪೂರ್ತಿ ನೆಲಕ್ಕೆ ಮಲಗಿತ್ತು. ಅದರಾಚೆ ಪುಟ್ಟಸ್ವಾಮಿಯ ಬಾಳೆತೋಟವೂ ಹಾಗೆಯೇ. ನನ್ನ ಹೊಲದ ಕಡೆಗೆ ಮಾತ್ರ ಒಂದು ಹೆಜ್ಜೆಯೂ ಬಂದಿರಲಿಲ್ಲ. ಅದನ್ನು ಕಂಡು ಮೊದಲು ನನಗಾದದ್ದು ಸಮಾಧಾನ. ಇದನ್ನೂ ನೀವು ತಿಳಿದಿರಬೇಕು. ವೈರು ಸಿಕ್ಕಿಸಿ, ಬೀಗ ಹಾಕಿ, ಮನೆಗೆ ಹೋಗಿ, ಕೂಗು ಕೇಳಿ ಓಡಿ ಬಂದವನಂತೆ ಮತ್ತೆ ಬಂದೆ.

ಮಾದಪ್ಪನ ಗುಡಿಯ ಜಗಲಿಯಲ್ಲಿ ಎಲ್ಲರೂ ಸೇರಿದಾಗ ಪುಟ್ಟಸ್ವಾಮಿ ಕೇಳಿದ: "ಬ್ಯಾಟ್ರಿ ಯಾರಾರ ಮುಟ್ಟಿದ್ರೇನ್ಲಾ ನಾಗೇಶ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ — ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಗಿತ್ತು. ಯಾರೂ ಗಮನಿಸಲಿಲ್ಲ. "ಯಾರ್ ಮುಟ್ಟಾರು? ಬೀಗ ಆಕಿದ್ದಂಗೇ ಅದೆ" ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಹಾಳು ಬಾಯಿ, ನಾಲ್ಕು ಜನರನ್ನು ನಗಿಸುವ ಚಟ — "ಬಿಸ್ಲು ಕರೆಂಟಲ್ವಾ? ಸೂರ್ಯ ಮುಳುಗುದ್ರೆ ಅದೂ ಮನಿಕತದೆ ಕಣ್ರಪ್ಪಾ!" ಬೆಳೆ ಕಳೆದುಕೊಂಡ ಪುಟ್ಟಸ್ವಾಮಿಯೂ ನಕ್ಕ. ನೀವು ನಗಲಿಲ್ಲ. ನಿಮ್ಮ ಅಂಗೈಯನ್ನೇ ನೋಡಿಕೊಂಡು, "ನಾನೇ ಎಲ್ಲೋ ಜೋಡ್ಸದ್ರಲ್ಲಿ ತಪ್ ಮಾಡ್ಬುಟ್ಟೆ ಕಣ್ಲಾ" ಅಂದಿರಿ.

ಆಡಿದ ಮಾತು, ಒಡೆದ ಮುತ್ತು. ನನ್ನ ಆ ಮಾತು ನಮ್ಮ ಸಾಲಿನಲ್ಲಿ ಗಾದೆಯೇ ಆಗಿಹೋಯಿತು. ಸುತ್ತಲಿನ ಊರುಗಳಲ್ಲಿ ಹೊಲಕ್ಕೆ ಸೋಲಾರ್ ಪಂಪು ಬಂತು, ಗುಂಡ್ಲುಪೇಟೆಯ ತಾರಸಿಗಳ ಮೇಲೆ ಫಲಕಗಳು ಬಂದವು. ನಮ್ಮಲ್ಲಿ ಯಾರಾದರೂ ಆ ಸುದ್ದಿ ತೆಗೆದರೆ ಇನ್ನೊಬ್ಬರು "ಮನಿಕತದೆ ಕಣಪ್ಪಾ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಬೇಲಿಯ ತಂತಿ ಬಿಚ್ಚಿ ಹಾಕಿದರು. ನಾವು ಡೀಸೆಲ್ ಎಂಜಿನ್ನಿನ ಹೊಗೆ ಕುಡಿಯುತ್ತಾ ಉಳಿದೆವು. ನೀವು ಚಳಿಯಲ್ಲಿ ಅಟ್ಟಣೆ ಹತ್ತಿ ಕಾವಲು ಕುಳಿತಿರಿ.

ಇದೆಲ್ಲ ಹೋಗಲಿ. ಬಿತ್ತನೆಗೆ ಕರೆಯಲು ಬಂದವರಿಗೆ ನೀವೇ ಬೇಡ ಎಂದು ಕೈಮುಗಿದಿರಿ. ಆಮೇಲೆ ಅವರೂ ಬರುವುದನ್ನು ಬಿಟ್ಟರು. ನಿಮ್ಮ ಸ್ವಂತ ಹೊಲಕ್ಕೂ ಮೊದಲ ಹಿಡಿಯನ್ನು ಅತ್ತಿಗೆಯವರೇ ಹಾಕುತ್ತಾರೆ. ಸೌಮ್ಯಳ ಮದುವೆಯಲ್ಲಿ ನೀವು ಅಕ್ಷತೆಯನ್ನು ಅತ್ತಿಗೆಯವರ ಕೈಗೆ ಸುರಿದು ಹಿಂದೆ ಸರಿದು ನಿಂತದ್ದನ್ನು ನಾನು ಧಾರೆಯ ಮಣೆಯಿಂದಲೇ ನೋಡಿದೆ. ನಿಮ್ಮ ಬೇಲಿಯ ಬೆಳಕಿನಲ್ಲಿ ಗೊತ್ತಾದ ಮದುವೆ ಅದು. ನೋಡಿಯೂ — ನೋಡಿಯೂ ಸುಮ್ಮನಿದ್ದೆ.

ಡೀಸೆಲ್ ತುಟ್ಟಿಯಾಗುತ್ತಾ ಆ ಗಾದೆಯೂ ಹಳತಾಯಿತು; ಈಗ ನನ್ನ ಹೊಲದಲ್ಲೂ ಸೋಲಾರ್ ಪಂಪಿದೆ. ಎಲ್ಲರೂ ಸೇರಿ ಹೊಸ ಬೇಲಿ ಎಳೆದಿದ್ದಾಗಿದೆ. ನಿನ್ನೆ ಜಗಲಿಯಲ್ಲಿ ಹುಡುಗರು ನಿಮ್ಮನ್ನೇ ಸ್ವಿಚ್ ಹಾಕಿ ಎಂದು ಕೇಳಿದರು. ಅದಕ್ಕೆ ನೀವು, "ನಂಗ್ ಬ್ಯಾಡ ಬುಡ್ರಪ್ಪಾ. ಈ ಕೈಯಿಂದ ಒಂದ್ಸಲ ಕೆಟ್ಟಿದ್ದೇ ಸಾಕು. ನಾಗೇಶ ಆಕ್ಲಿ. ಅವನ ಕೈಗುಣ ಒಳ್ಳೇದು" ಅಂದಿರಿ. ಬೀಗದ ಕೈಯನ್ನು ನೀವೇ ನನ್ನ ಅಂಗಿಯ ಜೇಬಿಗೆ ಹಾಕಿ, ಎದೆಯ ಮೇಲೆ ಮೆಲ್ಲಗೆ ತಟ್ಟಿದಿರಿ. ಅಲ್ಲಿ ಕೂರಲಾರದೆ ಎದ್ದು ಬಂದೆ, ಅಣ್ಣ.

ಸೋಮವಾರ, ಸ್ವಿಚ್ ಹಾಕುವ ದಿನ, ಅದೇ ಜಗಲಿಯಲ್ಲಿ, ಅದೇ ಜನರ ಎದುರಿಗೆ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಸೌಮ್ಯ ಗಂಡನ ಜೊತೆ ಬಂದಿರುತ್ತಾಳೆ, ಅವಳ ಮುಂದೆಯೇ ಹೇಳುತ್ತೇನೆ. ಉಗಿದರೆ ಉಗಿಸಿಕೊಳ್ಳುತ್ತೇನೆ. ಬೀಗದ ಕೈಯನ್ನು ನಿಮ್ಮ ಕೈಗೇ ಕೊಡುತ್ತೇನೆ. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳುವ ಮುಖವೂ ನನಗಿಲ್ಲ. ಒಂದೇ ಒಂದು ಮಾತು. ಬಿತ್ತನೆ ಹತ್ತಿರ ಬಂತು. ಈ ಸಲ ನಿಮ್ಮ ಹೊಲಕ್ಕಾದರೂ ಮೊದಲ ಹಿಡಿಯನ್ನು ನೀವೇ ಹಾಕಿ, ಗುರುಮಲ್ಲಣ್ಣ.