ಬಾಲ ಆಡಿಸದ ನಾಯಿಗಳ ಅಂಗಳ

2025ರ ಜನವರಿ 12, ಭಾನುವಾರ, ಬೆಳಿಗ್ಗೆ ಆರೂ ಕಾಲು. ನಮ್ಮ ನಾಯಿಯನ್ನು ಓಟದ ತಾಲೀಮಿಗೆ ಯಾರ ಕೈಗೆ ಕೊಡಬೇಕೆಂದು ನೋಡಲು ನಾನು, ಅಣ್ಣ ಮನೆಯಿಂದ ಹೊರಟ ಹೊತ್ತು ಅದು. ಹೊರಡುವ ಮೊದಲು ದಿನಚರಿಯ ಪುಟದಲ್ಲಿ ಒಂದು ಗೆರೆ ಎಳೆದು ಎರಡು ಮನೆ ಮಾಡಿಕೊಂಡಿದ್ದೆ. ಒಂದರ ಮೇಲೆ ‘ನ್ಯಾಯ’ ಎಂದು ಬರೆದೆ, ಇನ್ನೊಂದರ ಮೇಲೆ ‘ಪಟ್ಟು’. ಪಟ್ಟು ಅಂದರೆ ಕಲಿಸುವ ರೀತಿ. ಕುಸ್ತಿಯವರ ಮಾತನ್ನೇ ನಮ್ಮ ಕಡೆ ನಾಯಿಗಳ ತಾಲೀಮಿಗೂ ಬಳಸುತ್ತಾರೆ. ಕಲಿಸುವವರನ್ನು ಉಸ್ತಾದ ಅನ್ನುತ್ತಾರೆ.

ನಮ್ಮದು ತಾವರಗೇರಾದ ಹತ್ತಿರದ ಊರು. ಅಪ್ಪ ಕುರಿ ಸಾಕಿದ್ದಾರೆ, ಅಣ್ಣ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ, ನಾನು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಕುರಿ ಈದ ದಿನ, ಮಳೆ ಬಿದ್ದ ದಿನ, ಕರೆಂಟ್ ಹೋದ ಗಂಟೆ ಎಲ್ಲವನ್ನೂ ಬರೆದಿಡುವ ಅಭ್ಯಾಸ ನನಗೆ ಪಿಯುಸಿಯಿಂದ ಇದೆ. ಉಸ್ತಾದನನ್ನು ಆರಿಸುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದ್ದು ಅದೇ ಕಾರಣಕ್ಕೆ. ಅಣ್ಣನಿಗೆ ಇದು ತಮಾಷೆ. ಗಾಡಿ ಚಾಲೂ ಮಾಡಿಕೊಂಡು, “ಬಾರವಾ ಆಡಿಟರ್, ನಾಯಿಗೂ ಆಡಿಟ್ ಮಾಡಿ ಬರೂಣು” ಅಂದ.

ನಮ್ಮ ನಾಯಿ ಬೇಟೆ ತಳಿಯ ಹೆಣ್ಣು, ಒಂದೂವರೆ ವರ್ಷದ್ದು. ಉದ್ದ ಮೂತಿ, ಬಡಕಲು ಹೊಟ್ಟೆ, ಜೋಳದ ಹಿಟ್ಟಿನ ಬಣ್ಣ. ನಮ್ಮ ಕಡೆಯ ಓಟದಲ್ಲಿ ಒಬ್ಬರು ನಾಯಿಯನ್ನು ಹೊಲದ ಒಂದು ತುದಿಯಲ್ಲಿ ಹಿಡಿದು ಬಿಡುತ್ತಾರೆ. ಮನೆಯವರು ಇನ್ನೊಂದು ತುದಿಯಲ್ಲಿ, ನೆಲದ ಮೇಲೆ ಹಾಸಿದ ಹಗ್ಗದ ಆಚೆ ನಿಂತು ಟವೆಲ್ ಬೀಸಿ ಕರೆಯುತ್ತಾರೆ. ಮೊದಲು ಹಗ್ಗ ದಾಟಿದ ನಾಯಿ ಗೆದ್ದಂತೆ. ಕರೆದವರನ್ನು ಸೇರುವ ಆಸೆಯೊಂದೇ ಆ ಓಟದ ಹಿಂದೆ ಇರುವುದು. ಆ ಆಸೆ ಕೆಟ್ಟರೆ ನಾಯಿಯೇ ಕೆಟ್ಟಂತೆ. ಹಿಂದಿನ ವರ್ಷ ನಮ್ಮ ಓಣಿಯವರೊಬ್ಬರ ನಾಯಿ ಎಲ್ಲೋ ತಾಲೀಮು ಮುಗಿಸಿ ಬಂದು, ಕೈ ಎತ್ತಿದವರನ್ನೆಲ್ಲ ಕಚ್ಚತೊಡಗಿತು. ಅದನ್ನು ಆಮೇಲೆ ಏನು ಮಾಡಿದರೆಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು. ನಮ್ಮದಕ್ಕೂ ಹಾಗಾದರೆ ಎಂಬ ಯೋಚನೆಯಲ್ಲಿ, ಗಾಡಿಯಲ್ಲಿ ಅದರ ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

ಮೊದಲು ಹೋದದ್ದು ಸಿದ್ದಾಪುರದ ಕಡೆ, ಕಾಲುವೆ ದಂಡೆಯ ಒಬ್ಬ ಉಸ್ತಾದರ ಹತ್ತಿರ. ಸುತ್ತ ಭತ್ತದ ಗದ್ದೆ, ನಡುವೆ ಸಗಣಿ ಸಾರಿಸಿದ ಸ್ವಚ್ಛ ಅಂಗಳ, ಗೋಡೆಗುಂಟ ಕಟ್ಟಿದ ಒಂಬತ್ತು ನಾಯಿಗಳು. ಹೊಸಬರು ಬಂದರೂ ಒಂದೂ ಬೊಗಳಲಿಲ್ಲ. ಉಸ್ತಾದರು ಬಿಳಿ ಅಂಗಿ ತೊಟ್ಟ, ಮೆಲುದನಿಯ ಮನುಷ್ಯ. ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಬೆರಳಿಗೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಯಿಂದ ಚಹಾದ ಸ್ಟೀಲ್ ಲೋಟವನ್ನು ಒಮ್ಮೆ ಕಿಣ್ ಅನಿಸಿದರು. ಒಂಬತ್ತೂ ನಾಯಿಗಳು ಒಟ್ಟಿಗೆ ಕುಳಿತವು. ಅಣ್ಣನ ಮುಖ ಅರಳಿತು.

ನಾನು ಬಾಲಗಳನ್ನು ನೋಡುತ್ತಿದ್ದೆ. ಎಲ್ಲವೂ ಕಾಲ ಸಂದಿಯಲ್ಲಿದ್ದವು. ಒಂದು ನಾಯಿ ಬಿಸಿಲಿಲ್ಲದಿದ್ದರೂ ನಾಲಿಗೆಯಿಂದ ಮೂತಿ ಸವರಿಕೊಳ್ಳುತ್ತಲೇ ಇತ್ತು, ಇನ್ನೊಂದು ಮತ್ತೆ ಮತ್ತೆ ಆಕಳಿಸುತ್ತಿತ್ತು. ಯಾಕೆ ಒಂದೂ ಬಾಲ ಆಡಿಸುವುದಿಲ್ಲ ಎಂದು ಕೇಳಿದೆ.

“ತಂಗೀ, ಬಾಲ ಆಡಸೋ ನಾಯಿ ಮನಿ ಕಾಯಾಕ ಸೈ,” ಅಂದರು ಉಸ್ತಾದರು. “ಓಡೋ ನಾಯಿಗೆ ಬಾಲ ಅಂದ್ರ ಗಾಡಿ ಸ್ಟೇರಿಂಗ್ ಇದ್ದಂಗ. ನಿಂತ ಗಾಡೀದು ಯಾರರ ಸ್ಟೇರಿಂಗ್ ತಿರುವ್ತಾರೇನು?”

ಅಣ್ಣ ಡ್ರೈವರ್ ಅಲ್ಲವೇ, ತೊಡೆ ತಟ್ಟಿ ನಕ್ಕ. ಮಾತು ನನಗೂ ಸರಿಯೆನಿಸಿ ‘ಪಟ್ಟು’ ಎಂಬ ಮನೆಯಲ್ಲಿ ಬರೆದುಕೊಂಡೆ. ಆದರೆ ಆ ಅಂಗಳದಲ್ಲಿ ಕೂತಷ್ಟು ಹೊತ್ತೂ ನಮ್ಮ ನಾಯಿ ನನ್ನ ಕುರ್ಚಿಯ ಕೆಳಗೆ ಸೇರಿಕೊಂಡು ಹೊರಗೆ ಬರಲಿಲ್ಲ.

ಗೋಡೆಯ ಮೇಲೆ ಫೋಟೋಗಳಿದ್ದವು. ಕೆಲವುಗಳಲ್ಲಿ ಉಸ್ತಾದರು ಓಟದ ಹಗ್ಗದ ಹತ್ತಿರ ಬಾವುಟ ಹಿಡಿದು ನಿಂತಿದ್ದರು, ಅಂದರೆ ಯಾವ ನಾಯಿ ಮೊದಲು ದಾಟಿತೆಂದು ಹೇಳುವ ಜಾಗದಲ್ಲಿ. ಅದೇ ಓಟಗಳಲ್ಲಿ ಅವರು ಕಲಿಸಿದ ನಾಯಿಗಳೂ ಓಡಿದ್ದವೇ ಎಂದು ಕೇಳಿದೆ. ಓಡಿವೆ, ಗೆದ್ದೂ ಇವೆ, ತಾನು ನಿಂತಲ್ಲಿ ಬೇರೆ ಯಾರೂ ಮೋಸ ಮಾಡುವ ಧೈರ್ಯ ಮಾಡುವುದಿಲ್ಲ ಎಂದು ಶಾಂತವಾಗಿ ಹೇಳಿದರು. ಮುಂದಿನ ಪ್ರಶ್ನೆ ಬರುವ ಮೊದಲೇ ಅಣ್ಣ ನನ್ನ ಕಾಲು ತುಳಿದ. ‘ನ್ಯಾಯ’ದ ಮನೆಯನ್ನು ಖಾಲಿ ಬಿಟ್ಟೆ.

ಮನೆಗೆ ಮರಳಿದ ಮೇಲೆ ನಾನು ಈ ಉಸ್ತಾದರು ಬೇಡವೆಂದೆ. ಬಾಲದ ವಿಷಯ, ಬಾವುಟದ ವಿಷಯ ಎರಡನ್ನೂ ಹೇಳಿದೆ. ಗೆಲ್ಲುವ ಉಸ್ತಾದನೇ ಸರಿಯಾದ ಉಸ್ತಾದ ಎಂದು ಅಣ್ಣ ವಾದಿಸಿದ. ಹದಿನೈದು ದಿನ ನಾಯಿಯನ್ನು ಅವರ ಹತ್ತಿರ ಬಿಟ್ಟು ನೋಡೋಣ ಎಂದು ಅಪ್ಪ ನಡುವಿನ ದಾರಿ ಹುಡುಕಿದರು. ಆ ಹದಿನೈದು ದಿನ ಮನೆಯವರು ಬರಬಾರದು, ಮನೆಯ ವಾಸನೆ ಬಂದರೆ ಕಲಿತದ್ದು ಮರೆತು ಹೋಗುತ್ತದೆ ಎಂಬುದು ಉಸ್ತಾದರ ಕಟ್ಟಳೆ. ಬಿಟ್ಟು ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಗ್ರಂಥಾಲಯದಲ್ಲಿ ಯಾರಾದರೂ ಚಹಾದ ಲೋಟ ಮೇಜಿಗೆ ಕುಟ್ಟಿದರೆ ಬೆಚ್ಚುತ್ತಿದ್ದೆ.

ಆರನೆಯ ದಿನ ಮಧ್ಯಾಹ್ನ ಉಸ್ತಾದರ ಫೋನ್ ಬಂತು. ಎತ್ತಿದವಳು ಅವ್ವ. ಅವರು ಹೇಳಿದ್ದು ಒಂದೇ ಮಾತು: “ನಿಮ್ಮ ನಾಯಿ ಈಗ ಮೆತ್ತಗ ಆಗ್ಯಾಳ ನೋಡ್ರಿ ಯವ್ವಾ.” ಅಷ್ಟು ಹೇಳಿ ಇಟ್ಟುಬಿಟ್ಟರು.

ನಮ್ಮ ಮನೆಯಲ್ಲಿ ಮೆತ್ತಗಾಗುವುದು ಅಂದರೆ ಮೈ ಸೋಲುವುದು, ಹಾಸಿಗೆ ಹಿಡಿಯುವುದು. ಅಜ್ಜಿಯ ಕೊನೆಯ ದಿನಗಳಲ್ಲಿ ಕೇಳಲು ಬಂದವರಿಗೆಲ್ಲ ಅವ್ವ ಅದೇ ಮಾತು ಹೇಳಿದ್ದಳು. ಈಗ ಅದೇ ಮಾತನ್ನು ಕೇಳಿ ಒಲೆಯ ಮುಂದೆ ಕುಸಿದು ಕೂತಳು. ನಾನು ಮತ್ತೆ ಮತ್ತೆ ಫೋನ್ ಮಾಡಿದೆ, ಉಸ್ತಾದರು ಎತ್ತಲಿಲ್ಲ. ಅಣ್ಣ ಬಾಡಿಗೆ ಬಿಟ್ಟು ಗಾಡಿ ತಂದ. ಕನಕಗಿರಿ ದಾಟಿ ಗಂಗಾವತಿ ಮುಟ್ಟುವವರೆಗೆ ಭತ್ತದ ಲಾರಿಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಅಣ್ಣ ಹಾರ್ನಿನಿಂದ ಕೈ ತೆಗೆಯುತ್ತಿರಲಿಲ್ಲ. ನಾಯಿ ಸತ್ತಿದ್ದರೆ ಅವ್ವನಿಗೆ ಹೇಗೆ ಹೇಳುವುದೆಂದು ನಾನು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ.

ಉಸ್ತಾದರು ನಮ್ಮನ್ನು ಕಂಡು ಬೆರಗಾದರು. ಕಾರಣ ತಿಳಿದ ಮೇಲೆ ಅವರು ದನಿ ತೆಗೆದು ನಕ್ಕದ್ದನ್ನು ಮೊದಲ ಸಲ ಕೇಳಿದೆ. ಅವರ ಮಾತಿನಲ್ಲಿ ಮೆತ್ತಗಾಗುವುದು ಅಂದರೆ ಹಟ ಬಿಡುವುದು, ಹೇಳಿದಂತೆ ಕೇಳುವುದು. “ಒಳ್ಳೇ ಸುದ್ದಿ ಹೇಳಿದ್ರ ಅಳಕೋತ ಬಂದೀರಲ್ರಿ,” ಅಂದರು. ಅಣ್ಣನೂ ನಿರಾಳವಾಗಿ ನಕ್ಕ.

ಒಳಗಿನಿಂದ ನಾಯಿಯನ್ನು ತಂದರು. ಕಿವಿಯಿಂದ ಬಾಲದವರೆಗೆ ಕೈಯಾಡಿಸಿ ನೋಡಿದೆ, ಒಂದು ಗಾಯವೂ ಇರಲಿಲ್ಲ. ಮೈ ತೂಕವೂ ಇಳಿದಿರಲಿಲ್ಲ. ಲೋಟ ಕಿಣ್ ಅಂದಿತು, ಅದು ಕುಳಿತಿತು. ಆಮೇಲೆ ನಾನು ಮನೆಯಲ್ಲಿ ಕರೆಯುವ ಹಾಗೆ ನಾಲಿಗೆ ಲೊಚಗುಟ್ಟಿ ಕರೆದೆ. ಅದು ನನ್ನ ಕಡೆ ತಿರುಗಲಿಲ್ಲ. ಕಣ್ಣು ಉಸ್ತಾದರ ಕೈಯ ಮೇಲಿತ್ತು. ನೊಣ ಕೂತಾಗ ಎತ್ತಿನ ಚರ್ಮ ಅದುರುವ ಹಾಗೆ ಅದರ ಬೆನ್ನು ಅದುರುತ್ತಿತ್ತು. ಕುಳಿತಲ್ಲೇ, ಕದಲದೆ, ಉಚ್ಚೆ ಹೊಯ್ದುಕೊಂಡಿತು. ಸಾರಿಸಿದ ನೆಲದ ಮೇಲೆ ಅದು ಹರಿದು ಬಂದು ಅಣ್ಣನ ಚಪ್ಪಲಿಗೆ ತಾಗಿತು. ಅವನ ನಗು ನಿಂತಿತು.

ಒಯ್ಯುತ್ತೇವೆ ಅಂದೆ. ಉಸ್ತಾದರು ಸಿಟ್ಟಾಗಲಿಲ್ಲ.

“ಒಯ್ಯೋದಿದ್ರ ಒಯ್ರಿ. ಆದ್ರ ನಿಮ್ಮ ಕಡೀ ಓಟಕ್ಕೂ ಹಗ್ಗದ ಕಡೆ ನಿಲ್ಲಾವ ನಾನ ಅದೀನಿ. ಅದೊಂದು ತಲ್ಯಾಗ ಇರ್ಲಿ.”

ಅಷ್ಟು ಮೆಲ್ಲಗೆ ಹೇಳಿದ ಬೆದರಿಕೆಯನ್ನು ನಾನು ಆವರೆಗೆ ಕೇಳಿರಲಿಲ್ಲ. ಅಣ್ಣ ನಾಯಿಯನ್ನು ಅಲ್ಲೇ ಬಿಡಲು ಒಪ್ಪಿಬಿಡುತ್ತಾನೆಂದುಕೊಂಡೆ. ಅವನು ಬಗ್ಗಿ ನಾಯಿಯನ್ನು ಎತ್ತಿಕೊಂಡ.

“ಹಗ್ಗ ನೀವ ಹಿಡಕೋರಿ ಉಸ್ತಾದ್ರ,” ಅಂದ. “ನಾಯಿ ನಾವು ಹಿಡಕೋತೀವಿ.”

ಅದಾದ ಮೇಲೆ ನನಗೆ ಎಲ್ಲ ಉಸ್ತಾದರ ಮೇಲೂ ಭಯ. ಆದರೂ ಫೆಬ್ರವರಿ ಮೊದಲ ವಾರ ಯಲಬುರ್ಗಾದ ಕಡೆ ಇನ್ನೊಬ್ಬರ ಹತ್ತಿರ ಹೋದೆವು. ಇವರದು ಗದ್ದಲದ ಅಂಗಳ. ನಾಯಿಗಳು ಮೈಮೇಲೆ ಹಾರಿ ನನ್ನ ಚೂಡಿದಾರ ಹರಿದವು. ಈ ಮನುಷ್ಯನ ಬಾಯಿ ನಿಲ್ಲುವುದಿಲ್ಲ, ನಾವು ಇದ್ದಾಗಲೇ ಸೀಟಿ ಎಲ್ಲಿಟ್ಟೆನೆಂದು ಎರಡು ಸಲ ಹುಡುಕಿದರು. ಕುಂಟುತ್ತಿದ್ದ ಒಂದು ನಾಯಿಯನ್ನೂ ಓಡಿಸಿದರು. ‘ಪಟ್ಟು’ ಎಂಬಲ್ಲಿ ಅದನ್ನು ಕೆಂಪು ಮಸಿಯಲ್ಲಿ ಬರೆದೆ. ಆದರೆ ಎರಡು ನಾಯಿಗಳನ್ನು ಜೋಡಿ ಬಿಟ್ಟಾಗ ಅವರದೇ ನಾಯಿ ‘ಬಿಡು’ ಎಂಬ ಮಾತು ಬರುವ ಮೊದಲೇ ನೆಗೆದು ಗೆದ್ದಿತು. ಆ ಓಟ ಲೆಕ್ಕಕ್ಕಿಲ್ಲ ಎಂದು ಕೂಗಿ, ಯಾರೂ ಕೇಳದಿದ್ದರೂ ತಾವೇ ಮತ್ತೆ ಓಡಿಸಿದರು, ಸೋತರು. ನಾವು ಯಾವಾಗ ಬೇಕಾದರೂ ಬಂದು ನೋಡಬಹುದೇ ಎಂದು ಕೇಳಿದ್ದಕ್ಕೆ, “ಊಟದ ಹೊತ್ತಿಗೆ ಬಂದ್ರ ಮಾತ್ರ ರೊಟ್ಟಿ ನೀವ ತರಬೇಕ್ರಿ” ಅಂದರು.

ನಮ್ಮ ನಾಯಿಯ ಮುಂದೆ ಬಹಳ ಹೊತ್ತು ಕೂತರು. ಇದನ್ನು ಸರಿಮಾಡಬಹುದೇ ಎಂದು ಕೇಳಿದೆ.

“ನನಗ ಬರ್ತೈತೋ ಇಲ್ಲೋ ಗೊತ್ತಿಲ್ಲವ್ವ,” ಅಂದರು. “ಬರ್ತೈತಿ ಅಂದ್ರ ಸುಳ್ಳಾಕ್ಕೈತಿ.”

‘ನ್ಯಾಯ’ದ ಮನೆ ತುಂಬಿದ್ದು ಆ ಒಂದು ಮಾತಿನಿಂದ. ಇವರಿಗೇ ಕೊಡುವುದೆಂದು ನಾನು ತೀರ್ಮಾನಿಸಿದೆ, ಯಾರೂ ಎದುರಾಡಲಿಲ್ಲ. ನಾಯಿ ನಮ್ಮ ಮನೆಯಲ್ಲೇ ಇರುತ್ತದೆ, ಭಾನುವಾರಗಳಂದು ಒಯ್ಯುತ್ತೇವೆ.

ಕಳೆದ ಭಾನುವಾರ ಹೊಲದಲ್ಲಿ ಬಿಟ್ಟು ನೋಡಿದೆವು. ಅಣ್ಣ ಒಂದು ತುದಿಯಲ್ಲಿ ಹಿಡಿದು ಬಿಟ್ಟ. ಅದು ಮೊದಲಿನಂತೆಯೇ ನೆಲಕ್ಕೆ ಮೈ ಚಾಚಿ ಓಡಿ ಬಂತು. ಸಂತೋಷದಲ್ಲಿ ನಾನು ಟವೆಲ್ ಎತ್ತಿದೆ. ಹಗ್ಗ ಇನ್ನೂ ಹತ್ತು ಮಾರು ಇರುವಾಗ ಅದು ಗಕ್ಕನೆ ನಿಂತು, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ನನ್ನ ಕೈಯನ್ನೇ ನೋಡುತ್ತ ಹಲ್ಲು ತೋರಿಸಿತು. ಟವೆಲ್ ಕೆಳಗೆ ಬಿಟ್ಟು, ಬೆನ್ನು ತಿರುಗಿಸಿ ಕೂರಲು ಯಲಬುರ್ಗಾದ ಉಸ್ತಾದರು ಹೇಳಿದರು. ಕೂತೆ. ಹಿಂದೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ನಾನು ಸಾಕಿದ ನಾಯಿಗೆ ಬೆನ್ನು ಕೊಟ್ಟು ಕೂರಲು ನನಗೇ ಅಂಜಿಕೆ. ಅದು ಬರಲಿಲ್ಲ. ಅಣ್ಣ ಬಂದು ಎತ್ತಿಕೊಂಡು ಹೋದ.

ಈಗ ಅದು ಉಣ್ಣುತ್ತದೆ, ನಿದ್ದೆ ಮಾಡುತ್ತದೆ, ಅವ್ವನ ಹಿಂದೆ ತಿರುಗುತ್ತದೆ. ನಾನು ತಲೆ ಬಾಚಲು ಕೈ ಎತ್ತಿದರೆ ಮಾತ್ರ ಮೂಲೆ ಸೇರುತ್ತದೆ. ಓಟದ ಆಸೆಯನ್ನು ಅಣ್ಣನೂ ಬಿಟ್ಟಿದ್ದಾನೆ. ಅದು ಓಣಿಯ ಆ ನಾಯಿಯಂತೆ ಆಗದಿದ್ದರೆ ನಮಗೆ ಸಾಕು.

ಇಂಥ ನಾಯಿ ಮತ್ತೆ ಕರೆದವರ ಹತ್ತಿರ ಬಂದದ್ದನ್ನು ಕಂಡವರು ಇದ್ದರೆ, ಎಷ್ಟು ದಿನ ಹಿಡಿಯಿತು, ಕೈಯನ್ನು ಎಲ್ಲಿಟ್ಟುಕೊಂಡಿರಿ, ಮಾತಾಡಿದಿರೋ ಸುಮ್ಮನಿದ್ದಿರೋ, ಎಲ್ಲವನ್ನೂ ಈ ಬರಹ ಅಚ್ಚು ಮಾಡಿದವರ ಮೂಲಕ ನನಗೆ ಬರೆಯಿರಿ. ಬರಲಿಲ್ಲ, ಕಚ್ಚಿತು ಎಂದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.