ಕರೆಂಟ್ ಗಂಗವ್ವನನ್ನು ಬರೆದ ಮಿಸ್

ಸಹಕಾರನಗರದ ಸ್ಟೇಷನರಿ ಅಂಗಡಿಯೊಂದರಲ್ಲಿ ಮೊನ್ನೆ ಒಂದು ಕಪ್ಪು ಮಸಿ ಬಾಟಲಿ ಕೈಜಾರಿ ಒಡೆಯಿತು. ಅಂಗಡಿಯವರು ಬಟ್ಟೆ ಹುಡುಕುತ್ತಿದ್ದರು. ನಾನು ಮಾತ್ರ ಆ ಕರ್ಪೂರ ಬೆರೆತಂಥ ಘಾಟು ವಾಸನೆಯ ನಡುವೆ ಕದಲದೆ ನಿಂತಿದ್ದೆ. ನಮ್ಮ ಡ್ರಾಯಿಂಗ್ ಮಿಸ್ಸಿನ ಸೆರಗಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಅಟ್ಟೂರಿನ ನಮ್ಮ ಹೈಸ್ಕೂಲಿಗೆ ಅವರು ಧಾರವಾಡದ ಕಡೆಯಿಂದ ಬಂದಿದ್ದರು. ಸಣ್ಣ ಆಳು, ದಪ್ಪ ಕನ್ನಡಕ. ವಾರಕ್ಕೆ ಎರಡೇ ಪೀರಿಯಡ್, ಅದರಲ್ಲೂ ಒಂದನ್ನು ಗಣಿತದ ಸರ್ ಕಸಿದುಕೊಳ್ಳುತ್ತಿದ್ದರು. ಉಳಿದ ಒಂದರಲ್ಲಿ ಹೂದಾನಿ, ಗಿಳಿ, ಸೂರ್ಯೋದಯ. ಅವರಿಗೂ ಬೇಸರ, ನಮಗೂ ಬೇಸರ. ಹತ್ತನೇ ಕ್ಲಾಸಿನ ಅರ್ಧದವರೆಗೆ ನಾವು ಅವರನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಆ ವರ್ಷ ನನ್ನ ಬೆಂಚಿನ ಗೆಳತಿ ತೀರಿಕೊಂಡಳು. ಅಸೆಂಬ್ಲಿಯಲ್ಲಿ ಎರಡು ನಿಮಿಷ ಮೌನ ಆಚರಿಸಿ, ಹುಷಾರಿರಲಿಲ್ಲ ಎಂದು ಹೇಳಿ ಮುಗಿಸಿದರು. ಏನಾಗಿತ್ತೆಂದು ಕ್ಲಾಸಿಗೆಲ್ಲ ಗೊತ್ತಿತ್ತು. ಗೇಟಿನ ಎದುರಿನ ಜ್ಯೂಸ್ ಅಂಗಡಿಯವನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಮಾತ್ರೆ ಕೊಡುತ್ತಿದ್ದ. ಪರೀಕ್ಷೆಯ ಭಯ ಹೋಗುತ್ತದೆ ಎಂದು ಶುರು ಮಾಡಿದವಳಿಗೆ ಆಮೇಲೆ ಬಿಡಲಾಗಲಿಲ್ಲ.

ಅವತ್ತು ಮಿಸ್ ಕ್ಲಾಸಿಗೆ ಬಂದು ಬಾಗಿಲು ಮುಚ್ಚಿದರು. "ಆಕಿಗೆ ಯಾರ್ ಕೊಟ್ರು? ಹೇಳ್ರಿ," ಎಂದರು. ಎಲ್ಲರೂ ಪುಸ್ತಕಕ್ಕೆ ತಲೆ ತಗ್ಗಿಸಿದರು. ನನಗೂ ಹೇಳುವ ಧೈರ್ಯವಿರಲಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ. ಡ್ರಾಯಿಂಗ್ ಪುಸ್ತಕದ ಕೊನೆಯ ಹಾಳೆಯಲ್ಲಿ ಜ್ಯೂಸ್ ಅಂಗಡಿಯವನ ಮುಖ ಬರೆದೆ. ತುದಿ ಹರಿದ ಎಡಗಿವಿ, ಕೂಡಿದ ಹುಬ್ಬು, ಗಲ್ಲದ ಮೇಲಿನ ಮಚ್ಚೆ. ಗಂಟೆ ಹೊಡೆದ ಮೇಲೆ ಮಿಸ್ಸಿನ ಮೇಜಿನ ಮೇಲಿಟ್ಟು ಓಡಿಬಿಟ್ಟೆ.

ಎರಡು ವಾರದ ನಂತರ ನನ್ನನ್ನು ಡ್ರಾಯಿಂಗ್ ರೂಮಿಗೆ ಕರೆದರು. ಮೇಜಿನ ಮೇಲೆ ಅವರೇ ಬರೆದ ಎಂಟು ಪುಟಗಳ ಕಾಮಿಕ್ಸ್ ಹರಡಿತ್ತು. ಅದರ ನಾಯಕಿ ಕರೆಂಟ್ ಗಂಗವ್ವ. ಗಾರ್ಮೆಂಟ್ಸ್ ಕೆಲಸದ ಹೆಂಗಸು, ಮೈಮೇಲೆ ನೈಟಿ, ಹೆಗಲಿಗೊಂದು ಟವೆಲ್. ಮಗಳನ್ನು ಕಳೆದುಕೊಂಡ ದಿನ ಹೆಬ್ಬಾಳದ ಹತ್ತಿರ ಹರಿದು ಬಿದ್ದ ವಿದ್ಯುತ್ ತಂತಿ ತುಳಿಯುತ್ತಾಳೆ. ಸಾಯುವುದಿಲ್ಲ. ಅಂದಿನಿಂದ ಅವಳ ಬೆರಳ ತುದಿಯಲ್ಲಿ ಕರೆಂಟು ಹರಿಯುತ್ತದೆ. ಅವಳ ಶತ್ರು ಒಬ್ಬನಲ್ಲ, ಒಂದು ಜಾಲ. ಲಾರಿಯಲ್ಲಿ ಸರಕು ತರುವವನು, ಗೋಡೌನಿನ ಯಜಮಾನ, ಕಣ್ಣು ಮುಚ್ಚಿಕೊಂಡು ಕೂತ ದೊಡ್ಡ ಮನುಷ್ಯ, ಕೊನೆಗೆ ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳ ಕೈಗೆ ಇಡುವವನು. ಆ ಕೊನೆಯವನಿಗೆ ನಾನು ಬರೆದ ಮುಖ.

ಗಂಗವ್ವ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಹಲ್ಲು ಉದುರಿಸುತ್ತಿದ್ದಳು, ಮೂಳೆ ಮುರಿಯುತ್ತಿದ್ದಳು. ಗೋಡೌನಿನ ಶಟರನ್ನೇ ಕಿತ್ತು ಯಜಮಾನನ ಮೇಲೆ ಬೀಳಿಸಿದ್ದಳು. ರಕ್ತವನ್ನು ತುಂಬುವ ಕೆಲಸ ಮಿಸ್ ನನಗೆ ಕೊಟ್ಟರು. ಬಣ್ಣವಿರಲಿಲ್ಲ, ಹಾಗಾಗಿ ನಮ್ಮ ಕಾಮಿಕ್ಸಿನಲ್ಲಿ ರಕ್ತವೂ ಕಪ್ಪೇ. ಗೆಳತಿ ಹೋದ ಮೇಲೆ ನನಗೆ ಸರಿಯಾಗಿ ಉಸಿರು ಬಂದದ್ದು ಆ ಕಪ್ಪನ್ನು ತುಂಬುವಾಗ... ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿಲ್ಲ.

ಜೆರಾಕ್ಸ್ ಪ್ರತಿಗಳು ಬ್ಯಾಗಿನಿಂದ ಬ್ಯಾಗಿಗೆ ಓಡಾಡಿದವು. ಮಕ್ಕಳು ಮುಖವನ್ನು ಗುರುತು ಹಿಡಿದರು, ಮನೆಗಳಿಗೂ ಸುದ್ದಿ ಹೋಯಿತು. ಹೆಡ್‌ಮಾಸ್ಟರ್ ಮಿಸ್ಸನ್ನು ಕರೆಸಿದಾಗ ನಾನು ಡ್ರಾಯಿಂಗ್ ಶೀಟುಗಳ ಸುರುಳಿ ಹಿಡಿದು ಬಾಗಿಲಾಚೆ ನಿಂತಿದ್ದೆ.

"ಏನ್ ಮೇಡಂ ಇದು? ಮಕ್ಕಳಿಗೆ ಹೊಡಿ ಬಡಿ ಕಲಿಸ್ತಿದ್ದೀರಾ? ಒಂದು ಕ್ಷಮಾಪಣೆ ಪತ್ರ ಬರ್ದು ಕೊಟ್ಬಿಡಿ, ಇಲ್ಲಿಗೇ ಮುಗ್ದೋಗ್ಲಿ."

"ಗೇಟಿನ ಮುಂದ ಮಾತ್ರಿ ಮಾರಾಂವಗ ಒಂದು ಮಾತು ಅನ್ನಲಿಲ್ಲ ನೀವು. ನನಗ ಕ್ಷಮಾ ಕೇಳು ಅಂತೀರಿ?" ಮಿಸ್ಸಿನ ದನಿ ಏರಿರಲಿಲ್ಲ. "ಪತ್ರ ಬರಿಯೂದಿಲ್ರಿ ಸರ್. ಚಿತ್ರ ಬರೀತೀನಿ."

ಅದಾಗಿ ನಾಲ್ಕನೇ ದಿನ ಸಂಜೆ, ಬಸ್ ಸ್ಟಾಪಿನಿಂದ ಮನೆಗೆ ನಡೆದು ಹೋಗುತ್ತಿದ್ದ ಅವರಿಗೆ ಬೈಕೊಂದು ಹಿಂದಿನಿಂದ ಬಂದು ಗುದ್ದಿತು. ಬೈಕಿನವರು ನಿಲ್ಲಲಿಲ್ಲ. ನಂಬರ್ ಪ್ಲೇಟ್ ಇರಲಿಲ್ಲವೆಂದು ನೋಡಿದವರು ಹೇಳಿದರು. ಮಿಸ್ಸಿನ ಬಲಗೈ ಮಣಿಕಟ್ಟು ಪುಡಿಯಾಗಿತ್ತು.

ಅವರ ಮನೆಗೆ ಹೋದಾಗ ಕೈ ಪೂರ್ತಿ ಪ್ಲಾಸ್ಟರಿನಲ್ಲಿತ್ತು. ನಾನು ಬಾಗಿಲಲ್ಲೇ ನಿಂತು ಅಳತೊಡಗಿದೆ. "ನಾನ್ ಆ ಮುಖ ಬರೀಬಾರ್ದಿತ್ತು ಮಿಸ್. ನನ್ನಿಂದಾನೇ ಹಿಂಗಾಯ್ತು."

"ಖೋಡಿ," ಎಂದರು. ನನ್ನನ್ನು ಪ್ರೀತಿಯಿಂದ ಬೈಯುವಾಗ ಅವರು ಬಳಸುತ್ತಿದ್ದ ಮಾತು ಅದು. "ನೀ ಕಣ್ಣಿಲೆ ನೋಡಿದ್ದು ಕೈಲೆ ಬರದಿ. ತಪ್ಪೇನೈತಿ ಅದ್ರಾಗ? ಅಳಬ್ಯಾಡ. ಇಲ್ಲಿ ಬಾ, ಹಾಳಿ ಹಿಡಿ. ಒಂದ ಕೈಲೆ ಬರಿಯಾಕ ಹೋದ್ರ ಸರೀತೈತಿ."

ಆಗ ನೋಡಿದೆ. ಅವರು ಎಡಗೈಯಲ್ಲಿ ಬರೆಯುತ್ತಿದ್ದರು. ಗೆರೆಗಳು ಸೊಟ್ಟ, ಒಂದೊಂದು ನಡುಗಿ ಹೊರಗೆ ಚಿಮ್ಮಿದ್ದವು. ಆ ಗೆರೆಗಳಲ್ಲಿ ಗಂಗವ್ವ ಮೊದಲಿಗಿಂತ ಭಯಂಕರವಾಗಿ ಕಾಣುತ್ತಿದ್ದಳು. ತಿಂಗಳಿಡೀ ನಾನು ಹಾಳೆ ಹಿಡಿದೆ, ಅವರು ಬರೆದರು. ನಡುವೆ ನೋವು ಬಂದರೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತಿದ್ದರು. ಆಮೇಲೆ ಮತ್ತೆ ಪೆನ್ನು...

ಒಂದು ಭಾನುವಾರ ಬೆಳಿಗ್ಗೆ ಮೈದಾ ಅಂಟಿನ ಬಕೆಟ್ ಹಿಡಿದು ನಾನು, ಪುಟಗಳ ಕಟ್ಟು ಹಿಡಿದು ಅವರು, ಜ್ಯೂಸ್ ಅಂಗಡಿಯ ಎದುರಿನ ಗೋಡೆಗೆ ಹೋದೆವು. ದೊಡ್ಡದು ಮಾಡಿಸಿದ ಜೆರಾಕ್ಸ್ ಹಾಳೆಗಳು. ಅವನ ಮುಖ, ಅವನ ಕೈಯಲ್ಲಿ ಮಡಿಸಿದ ಟಿಶ್ಯೂ ಪೇಪರ್, ಅವನ ಕತ್ತು ಹಿಡಿದು ಮೇಲೆತ್ತಿದ ಗಂಗವ್ವ. ಹಾಲಿಗೆ, ತರಕಾರಿಗೆ ಬಂದವರು ಒಬ್ಬೊಬ್ಬರೇ ನಿಂತರು. ನಾನು ಅಂಟು ಬಳಿಯುತ್ತಿದ್ದೆ. ಮಿಸ್ ಎಡಗೈಯಿಂದ ಹಾಳೆಯ ಮೂಲೆಗಳನ್ನು ನಿಧಾನವಾಗಿ ಒತ್ತುತ್ತಿದ್ದರು.

ಅವನು ರಸ್ತೆ ದಾಟಿ ಬಂದ. "ಏನ್ರೀ ಇದು? ನನ್ನ ಮುಖ ಯಾಕ್ರೀ ಅಂಟಿಸ್ತಿದ್ದೀರಾ? ಕಿತ್ತಾಕ್ರಿ ಮೊದ್ಲು!"

ಮಿಸ್ ತಿರುಗಿ ಅವನನ್ನೂ ಗೋಡೆಯನ್ನೂ ನೋಡಿದರು. "ಇದು ಮಕ್ಕಳಿಗೆ ಮಾತ್ರಿ ಮಾರಾಂವನ ಮುಖ. ನಿಂದೇನು?"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ಹಾಳೆ ಕೀಳಲು ಕೈ ಎತ್ತಿದ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ನನ್ನ ಗೆಳತಿಯ ಅಮ್ಮ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಮುಂದೆ ಬಂದರು. ಮಗಳು ಹೋದಾಗಿನಿಂದ ಬೀದಿಯಲ್ಲಿ ಯಾರೊಂದಿಗೂ ಮಾತಾಡದಿದ್ದ ಹೆಂಗಸು ಗೋಡೆಗೆ ಬೆನ್ನು ಕೊಟ್ಟು, ಚಿತ್ರಕ್ಕೆ ಅಡ್ಡವಾಗಿ ನಿಂತರು. "ಮುಟ್ಟು ನೋಡೋಣ," ಎಂದರು. ಆಮೇಲೆ ಇನ್ನೊಬ್ಬರು ಬಂದು ನಿಂತರು, ಮತ್ತೊಬ್ಬರು... ಅವನು ಮುಟ್ಟಲಿಲ್ಲ. ಅಂಗಡಿಗೂ ಹೋಗಲಿಲ್ಲ, ಸ್ಕೂಟರ್ ಹತ್ತಿ ಹೊರಟುಹೋದ.

ಆ ವಾರವೇ ಬೀದಿಯ ಹೆಂಗಸರೆಲ್ಲ ಸೇರಿ ದೂರು ಕೊಟ್ಟರು. ಪೊಲೀಸರು ಅವನನ್ನು ಹಿಡಿದರು, ಅಂಗಡಿಗೆ ಬೀಗ ಬಿತ್ತು. ಲಾರಿಯವನು, ಗೋಡೌನಿನವನು, ದೊಡ್ಡ ಮನುಷ್ಯ ಯಾರೂ ಸಿಗಲಿಲ್ಲ. ಅವರು ಸಿಕ್ಕಿದ್ದು ಗಂಗವ್ವನ ಕೈಗೆ ಮಾತ್ರ. ಮುಂದಿನ ಜೂನಿನಲ್ಲಿ ಶಾಲೆಯವರು ಮಿಸ್ಸನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅವರು ಊರಿಗೆ ಹೊರಟ ದಿನ ಯಶವಂತಪುರ ಸ್ಟೇಷನ್ನಿಗೆ ಹೋಗಿದ್ದೆ. ಕಿಟಕಿಯಿಂದ ಪುಟಗಳ ಕಟ್ಟನ್ನೇ ನನ್ನ ಕೈಗಿಟ್ಟರು. "ಮುಗದಿಲ್ಲವಾ ಇದು. ಮುಂದಿಂದು ನೀ ಬರಿ. ಆಕಿನ್ನ ಮೆತ್ತಗ ಮಾಡಬ್ಯಾಡ."

ಬಲಗೈ ಮತ್ತೆ ಸರಿಯಾಗಲಿಲ್ಲ. ಊರಿನಲ್ಲಿ ಮಕ್ಕಳಿಗೆ ಎಡಗೈಯಲ್ಲೇ ಚಿತ್ರ ಹೇಳಿಕೊಡುತ್ತಿದ್ದರಂತೆ. ಫೋನಿನಲ್ಲಿ ಪ್ರತಿ ಸಲ ನಾನು ಬರ್ತೀನಿ ಎನ್ನುತ್ತಿದ್ದೆ, ಪ್ರತಿ ಸಲ ಅವರು ಬಾರವಾ ಎನ್ನುತ್ತಿದ್ದರು. ಕೊನೆಗೆ ಅವರ ತಮ್ಮ ಫೋನ್ ಮಾಡಿದರು. ಜ್ವರ ಅಂತ ಮಲಗಿದವರು ಏಳಲಿಲ್ಲ...

ಈಗ ಚಿತ್ರ ಬರೆಯುವುದೇ ನನ್ನ ಕೆಲಸ. ಹಳೆಯ ಪುಟಗಳಿಗೆ ನನ್ನ ಪುಟಗಳನ್ನು ಸೇರಿಸಿ ನಿನ್ನೆ ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಕಥೆ ಚೆನ್ನಾಗಿದೆ ಎಂದರು. ಹಿಂಸೆ ತೆಗೆಯಿರಿ, ಗಂಗವ್ವ ಕೊನೆಗೆ ಎಲ್ಲರನ್ನೂ ಕ್ಷಮಿಸಲಿ ಎಂದರು. "ಅವಳು ಕ್ಷಮಿಸಲ್ಲ ಸರ್," ಎಂದು ಫೈಲ್ ಎತ್ತಿಕೊಂಡು ಬಂದೆ.

ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತೇ ಇತ್ತು. ಗಂಗವ್ವನನ್ನು ಮೆತ್ತಗೆ ಮಾಡಲಿಲ್ಲ ಎಂಬ ಈ ಸುದ್ದಿಯನ್ನು ಯಾರಿಗೆ ಹೇಳಲಿ ಎಂದುಕೊಂಡಾಗ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯ್ತಮ್ಮ ಎಂದು ಕೇಳಿದರು.

"ನಮ್ ಮಿಸ್ ತೀರ್ಕೊಂಡ್ರು," ಎಂದೆ.

ಅವರು ತೀರಿಕೊಂಡು ಆಗಲೇ ಒಂದೂವರೆ ವರ್ಷವಾಗಿತ್ತು. ಆ ಮಾತನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.